ಹೆಸರು ಕೆಟ್ಟ ಓಣಿಯಲ್ಲಿ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಹಣದ ಚಿಂತೆ, ಕಲ್ಲು-ಮರಗಳ ಚಿಂತೆ, ಗೌಂಡಿಯ ಚಿಂತೆ ಇವೆಲ್ಲವೂ ಆ ಮಾತಿನಲ್ಲಿ ಅಡಗಿರುವವು. ಆದರೆ ನೆರೆಹೊರೆಯ ಚಿಂತೆಯು ಅದರಲ್ಲಿ ಇದ್ದಂತೆ ತೋರುವದಿಲ್ಲ. ಹಿಂದಿನವರು ಬಹುಮಟ್ಟಿಗೆ ತಮ್ಮ ಊರಿನಲ್ಲಿಯೇ, ತಮ್ಮ ಬಳಗದವರ ಓಣಿಯಲ್ಲಿಯೇ ಮನೆ ಕಟ್ಟುತ್ತಿದ್ದರು. ಪಕ್ಕದ ಮನೆಯವರು ಯಾರೆಂಬುದನ್ನು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ಕಾಲವು ಬೇರೆಯಾಗಿದೆ. ಹೊಟ್ಟೆಯ ಪಾಡಿಗಾಗಿ ಹಳ್ಳಿಯನ್ನು ಬಿಟ್ಟು ನಗರ ಸೇರಿದವರು, ಜೀವಮಾನದ ಗಳಿಕೆಯನ್ನೆಲ್ಲ ಕೂಡಿಸಿ, ಗುರುತು ಪರಿಚಯವಿಲ್ಲದವರ ನಡುವೆ ಮನೆ ಕೊಳ್ಳಬೇಕಾಗಿದೆ. ಅಂಥವರ ಕೈಯಲ್ಲಿರುವ ಹಣಕ್ಕೆ ಅನೇಕ ಸಲ ಸಿಕ್ಕುವದು ಹೆಸರು ಕೆಟ್ಟ ಓಣಿಯ ಮನೆಯೇ.

ರಾಮದುರ್ಗ ತಾಲೂಕಿನ ಸಾಲಹಳ್ಳಿಯ ನಮ್ಮ ಆಪ್ತರೊಬ್ಬರಿಗೆ ಈ ಪ್ರಸಂಗವು ಒದಗಿತು. ಅವರು ಹನ್ನೆರಡು ವರ್ಷಗಳಿಂದ ಹುಬ್ಬಳ್ಳಿಯ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವರು. ಅವರ ಹೆಂಡತಿಯು ಮನೆಯಲ್ಲಿ ಹೊಲಿಗೆಯ ಕೆಲಸ ಮಾಡುವರು. ಒಬ್ಬಳೇ ಮಗಳು ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿರುವಳು. ಊರಿನಲ್ಲಿ ಪಾಲಿಗೆ ಬಂದ ಒಣ ಬೇಸಾಯದ ತುಂಡು ಹೊಲವನ್ನು ಅಣ್ಣನಿಗೇ ಬಿಟ್ಟುಕೊಟ್ಟು ಪಡೆದ ಹಣಕ್ಕೆ ತಮ್ಮ ಉಳಿತಾಯವನ್ನು ಕೂಡಿಸಿ ಅವರು ಮನೆ ಹುಡುಕತೊಡಗಿದರು. ಮೂರು ಕೋಣೆಗಳ, ಹಿಂದೆ ಸಣ್ಣ ಹಿತ್ತಿಲಿದ್ದ ಒಂದು ಮನೆಯು ಕಣ್ಣಿಗೆ ಬಿತ್ತು. ಒಂದು ರಸ್ತೆ ದಾಟಿದರೆ ಅಂಥದೇ ಮನೆಗೆ ಒಂದೂವರೆ ಪಟ್ಟು ಬೆಲೆ. ಆದರೆ ಓಣಿಯ ಹೆಸರು ಕೇಳಿದ ಕೂಡಲೆ ಬಂಧುಬಳಗದವರೆಲ್ಲ ಒಂದೇ ಮಾತು ಹೇಳಿದರು: “ಆ ಓಣ್ಯಾಗ? ಪುಕ್ಕಟೆ ಕೊಟ್ರೂ ಬ್ಯಾಡ.”

ಆ ಓಣಿಯ ಹೆಸರನ್ನು ನಾವು ಇಲ್ಲಿ ಬರೆಯುವದಿಲ್ಲ. ಬರೆದರೆ ಅದಕ್ಕೆ ಮೊದಲೇ ಅಂಟಿದ ಕಲೆಯ ಮೇಲೆ ನಾವೂ ಒಂದು ಬೊಟ್ಟು ಮಸಿ ಹಚ್ಚಿದಂತಾಗುವದು. ಆದರೆ ಅವರು ನಮ್ಮನ್ನು ಸಲಹೆ ಕೇಳಿದ್ದರಿಂದ ನಾವು ಈ ವಿಷಯವನ್ನು ತುಸು ಆಳವಾಗಿ ವಿಚಾರಿಸಬೇಕಾಯಿತು. ಹೆಸರು ಕೆಟ್ಟ ನೆರೆಗೆ ಸಂಸಾರವಂದಿಗರು ಮನೆ ಕೊಳ್ಳಲು ಬರುವಂತಾಗುವದು ಹೇಗೆ? ಬರುವವರು ಏನನ್ನು ನೋಡಿ ಬರಬೇಕು? ಆ ವಿಚಾರದ ಫಲವನ್ನೇ ವಾಚಕರ ಮುಂದೆ ಇಡುತ್ತಿರುವೆವು.

ಹೆಸರು ಕೆಡುವ ಬಗೆ

ಒಂದು ಕೇರಿಯ ಹೆಸರು ಕೆಡುವದಕ್ಕೆ ಅಲ್ಲಿಯ ಕಳವು ಹೊಡೆದಾಟಗಳೇ ಯಾವಾಗಲೂ ಕಾರಣವಲ್ಲ. ಕೆಲವೊಮ್ಮೆ ಸರಕಾರವೇ ಹೆಸರು ಕೆಡಿಸಿದ್ದುಂಟು. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ‘ಸೆಟ್ಲಮೆಂಟ’ ಎಂದು ಜನರು ಕರೆಯುವ ಭಾಗಗಳಿರುವವು. ಈ ಹೆಸರು ಎಲ್ಲಿಂದ ಬಂದಿತೆಂಬುದನ್ನು ಇಂದಿನ ತರುಣರಲ್ಲಿ ಅನೇಕರು ಅರಿಯರು. ಬ್ರಿಟಿಶ ಸರಕಾರವು ೧೮೭೧ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯಿದೆ’ಯನ್ನು ಮಾಡಿತು. ೧೯೧೧ರಲ್ಲಿ ಅದನ್ನು ವಿಸ್ತರಿಸಿದ ಮೇಲೆ ಅದು ಮುಂಬಯಿ ಪ್ರಾಂತಕ್ಕೂ ಬಂದಿತು. ೧೯೨೪ರಲ್ಲಿ ಇನ್ನೊಮ್ಮೆ ತಿದ್ದಲ್ಪಟ್ಟಿತು. ಒಬ್ಬನು ಮಾಡಿದ ಕೃತ್ಯಕ್ಕಾಗಿ ಅಲ್ಲ, ಹುಟ್ಟಿದ ಕುಲಕ್ಕಾಗಿ ಮನುಷ್ಯನನ್ನು ಅಪರಾಧಿಯೆಂದು ಎಣಿಸುವದು ಆ ಕಾಯಿದೆಯ ತಿರುಳು. ಹರಣಶಿಕಾರಿ, ಘಂಟಿಚೋರ ಮೊದಲಾದ ಕುಲಗಳ ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ತಂದು ಈ ವಸತಿಗಳಲ್ಲಿ ಇರಿಸಿದರು. ಅವರು ಹಾಜರಿ ಕೊಡಬೇಕು. ಹೊರಗೆ ಹೋಗಬೇಕಾದರೆ ಪರವಾನಿಗೆ ಪಡೆಯಬೇಕು.

೧೯೫೨ನೆಯ ಆಗಸ್ಟ ೩೧ರಂದು ಆ ಕಾಯಿದೆಯು ದೇಶದಲ್ಲೆಲ್ಲ ರದ್ದಾಯಿತು. ಆ ಜನರು ಅಂದಿನಿಂದ ‘ವಿಮುಕ್ತ’ರೆನಿಸಿದರು. ಆದರೆ ಕಾಯಿದೆಯು ಹೋದರೂ ಹೆಸರು ಹೋಗಲಿಲ್ಲ. ಅಂಥ ವಸತಿಯಲ್ಲಿ ಹುಟ್ಟಿ, ಓದಿ, ಶಿಕ್ಷಕನೋ ಕಾರಕೂನನೋ ಆದವನು ತನ್ನ ವಿಳಾಸ ಹೇಳುವಾಗ ಒಂದು ಕ್ಷಣ ಅನುಮಾನಿಸಬೇಕಾಗುವದೆಂದರೆ ಅದು ಅವನ ತಪ್ಪೇ? ಆದುದರಿಂದ ಯಾವ ಓಣಿಯನ್ನಾದರೂ ಕೆಟ್ಟದ್ದೆಂದು ಯಾರಾದರೂ ಹೇಳಿದಾಗ, ‘ಏನು ನಡೆಯಿತು, ಯಾವಾಗ ನಡೆಯಿತು, ನೀವು ಕಂಡಿರೋ ಕೇಳಿದಿರೋ’ ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳತಕ್ಕದ್ದು.

ಹಾಗೆಂದು ಭಯವೆಲ್ಲವೂ ಸುಳ್ಳೆಂದು ನಾವು ಹೇಳುವದಿಲ್ಲ. ಸುಳ್ಳು ಹೆಸರೂ ಕಾಲಕ್ರಮದಲ್ಲಿ ನಿಜವಾಗುವದುಂಟು. ಹೆಸರು ಕೆಟ್ಟ ಕಡೆ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದಲ್ಲಿ ಬೆಲೆಯಿಲ್ಲ, ಬೆಲೆಯಿಲ್ಲದ ಮನೆಯನ್ನು ಒಡೆಯನು ದುರಸ್ತಿ ಮಾಡಿಸುವದಿಲ್ಲ. ಅನುಕೂಲವುಳ್ಳವರು ಒಬ್ಬೊಬ್ಬರಾಗಿ ಬೇರೆ ಕಡೆಗೆ ಹೋಗುವರು. ಹತ್ತು ಮನೆಗಳಲ್ಲಿ ಮೂರಕ್ಕೆ ಕೀಲಿ ಬಿದ್ದಿತೆಂದರೆ ಆ ಖಾಲಿ ಮನೆಗಳ ಕಟ್ಟೆಯ ಮೇಲೆ ಜೂಜಾಟವೂ ಕುಡಿತವೂ ಕೂಡುವವು. ಕೆಟ್ಟ ದೀಪವನ್ನು ಬದಲಿಸಬೇಕೆಂದು ಅರ್ಜಿ ಬರೆಯಬಲ್ಲವರೂ ಓಣಿಯಲ್ಲಿ ಉಳಿಯುವದಿಲ್ಲ. ಹೀಗೆ ಹೆಸರಿನಿಂದ ಬಡತನ, ಬಡತನದಿಂದ ಕತ್ತಲೆ, ಕತ್ತಲೆಯಿಂದ ಮತ್ತೆ ಕೆಟ್ಟ ಹೆಸರು ಎಂಬ ಗಾಣವು ತಿರುಗುತ್ತಿರುವದು. ಇದನ್ನು ನಿಲ್ಲಿಸಬೇಕಾದರೆ ಎಲ್ಲಿಯಾದರೂ ಒಂದು ಕಡೆ ಕೈ ಹಿಡಿಯಲೇಬೇಕು.

ಕೌಲು ಕೊಟ್ಟು ಕರೆದ ಕಾಲ

ಜನರು ಬರಲು ಅಂಜುವ ಸ್ಥಳಕ್ಕೆ ಅವರನ್ನು ಕರೆತರುವದು ನಮ್ಮ ನಾಡಿಗೆ ಹೊಸತಲ್ಲ. ದಂಡಿನ ಹಾವಳಿಯಿಂದಲೋ ಬರದಿಂದಲೋ ಹಾಳು ಬಿದ್ದ ಊರನ್ನು ಮತ್ತೆ ನೆಲೆಗೊಳಿಸಬೇಕಾದರೆ, ಇಲ್ಲವೆ ಹೊಸ ಪೇಟೆಯನ್ನು ಕಟ್ಟಬೇಕಾದರೆ, ಅರಸರು ‘ಕೌಲು’ ಕೊಡುತ್ತಿದ್ದರು. ಕೌಲೆಂದರೆ ಅಭಯದ ಕರಾರುಪತ್ರ. ಬಂದು ನೆಲೆಸಿದವನಿಗೆ ಮೊದಲು ಕೆಲವು ವರ್ಷ ಕರವಿಲ್ಲ, ಇದ್ದರೂ ಅಲ್ಪ. ಬರಬರುತ್ತ ಅದು ಏರಿ ಪೂರ್ಣ ಕರಕ್ಕೆ ಮುಟ್ಟುವದು. ಅದರ ಜೊತೆಗೆ ಕೋಟೆಯೋ ಅಗಸಿಯೋ ಕಾವಲೋ ಇರುತ್ತಿತ್ತು. ಹುಬ್ಬಳ್ಳಿಯೇ ಇದಕ್ಕೆ ನಿದರ್ಶನ. ೧೭೨೭ರಲ್ಲಿ ಸವಣೂರಿನ ನವಾಬ ಮಜೀದಖಾನನ ಅಪ್ಪಣೆ ಪಡೆದು ಬಸಪ್ಪಶೆಟ್ಟಿ ಎಂಬ ವರ್ತಕನು ಹೊಸ ಹುಬ್ಬಳ್ಳಿಯ ಕೋಟೆಪೇಟೆಯನ್ನು ಕಟ್ಟಿಸಿದನು. ಇಂದು ದುರ್ಗದಬೈಲಿನಲ್ಲಿ ಸಂತೆ ಮಾಡಿಕೊಂಡು ಬರುವವರು ನಡೆದಾಡುವದು ಆ ನೆಲದ ಮೇಲೆಯೇ. ನಮ್ಮ ಕಡೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಹುಡೇವುಗಳೂ ಅದೇ ಮಾತನ್ನು ಹೇಳುವವು: ಬದುಕಿಗೆ ಕಾವಲಿದೆಯೆಂಬ ನಂಬುಗೆಯಿಲ್ಲದೆ ಒಕ್ಕಲು ನಿಲ್ಲದು.

ಕೌಲಿನಲ್ಲಿ ನಾವು ಗಮನಿಸಬೇಕಾದ ಸಂಗತಿಗಳು ಎರಡು. ರಿಯಾಯಿತಿಯು ಬಂದು ವಾಸಮಾಡುವವನಿಗೆ ಮಾತ್ರ, ದೂರ ಕುಳಿತು ಭೂಮಿಯನ್ನು ಹಿಡಿದಿಟ್ಟುಕೊಳ್ಳುವವನಿಗಲ್ಲ. ಮತ್ತು ಬರುವವರು ಒಬ್ಬರಲ್ಲ. ವರ್ತಕರು, ನೇಕಾರರು, ಕುಶಲಕರ್ಮಿಗಳು ಹೀಗೆ ಹಲವು ಮನೆತನಗಳು ಕೂಡಿ ಬರುತ್ತಿದ್ದವು.

ಅಮೇರಿಕೆಯ ಅನುಭವ

ಈ ಎರಡು ಸಂಗತಿಗಳನ್ನೇ ಅಮೇರಿಕೆಯವರು ಬಹಳ ಹಣ ವೆಚ್ಚಮಾಡಿ ಮತ್ತೊಮ್ಮೆ ಕಲಿಯಬೇಕಾಯಿತು. ಅಲ್ಲಿಯ ದೊಡ್ಡ ನಗರಗಳ ನಡುಭಾಗವನ್ನು ಅನುಕೂಲಸ್ಥರು ಬಿಟ್ಟುಹೋದ ಮೇಲೆ ಸಾಲು ಸಾಲಾಗಿ ಮನೆಗಳು ಖಾಲಿ ಬಿದ್ದವು. ೧೯೭೩ರಲ್ಲಿ ವಿಲ್ಮಿಂಗ್ಟನ್ ನಗರವೂ, ಅದರ ಬೆನ್ನಿಗೇ ಬಾಲ್ಟಿಮೋರ್ ನಗರವೂ ತಮ್ಮ ಸ್ವಾಧೀನಕ್ಕೆ ಬಂದ ಇಂಥ ಮನೆಗಳನ್ನು ಕೇವಲ ಒಂದು ಡಾಲರಿಗೆ ಕೊಡತೊಡಗಿದವು. ಕೊಂಡವನು ಗೊತ್ತುಪಡಿಸಿದ ಅವಧಿಯಲ್ಲಿ ಮನೆಯನ್ನು ದುರಸ್ತಿ ಮಾಡಿಸಿ ತಾನೇ ಅದರಲ್ಲಿ ವಾಸಿಸಬೇಕೆಂಬುದು ಕರಾರು. ದುರಸ್ತಿಯ ವೆಚ್ಚವು ಮನೆಯ ಬೆಲೆಗಿಂತ ಎಷ್ಟೋ ಸಾವಿರ ಪಟ್ಟು ಹೆಚ್ಚಾದುದರಿಂದ ನಗರಸಭೆಯು ಕಡಿಮೆ ಬಡ್ಡಿಯ ಸಾಲವನ್ನೂ ಒದಗಿಸಿತು. ಬಾಲ್ಟಿಮೋರಿನ ಆಟರ್‌ಬೈನ್ ಎಂಬ ಭಾಗದಲ್ಲಿ ೧೯೭೫ರಲ್ಲಿ ಸುಮಾರು ನೂರು ಮನೆಗಳನ್ನು ಚೀಟಿ ಎತ್ತಿ ಒಮ್ಮೆಲೆ ಹಂಚಿದರು. ನೂರು ಸಂಸಾರಗಳು ಒಂದೇ ಕಾಲಕ್ಕೆ ಸುಣ್ಣ ಗಾರೆ ಹಿಡಿದು ನಿಂತುದರಿಂದ ಅಲ್ಲಿ ಧೈರ್ಯವು ಹುಟ್ಟಿತು. ಆದರೆ ಮುಂದೆ ಅಲ್ಲಿಯ ಬೆಲೆಯು ಬಹಳ ಏರಿತು. ಹಿಂದೆ ಹೆದ್ದಾರಿಯ ಯೋಜನೆಗಾಗಿ ಅಲ್ಲಿಂದ ಎಬ್ಬಿಸಲ್ಪಟ್ಟವರಂಥ ಬಡವರಿಗೆ ಆ ಮನೆಗಳು ಎಟುಕದಾದವು. ಈ ಮಾತನ್ನು ನಾವು ಮರೆಯಕೂಡದು.

೧೯೯೭ರಲ್ಲಿ ಆ ದೇಶದ ಸರಕಾರವು ಮತ್ತೊಂದು ಉಪಾಯವನ್ನು ಹೂಡಿತು. ತನ್ನ ವಶದಲ್ಲಿದ್ದ ಮನೆಗಳನ್ನು, ಆಯ್ದ ಹಿಂದುಳಿದ ನೆರೆಗಳಲ್ಲಿ, ಪೋಲೀಸರಿಗೆ ಅರ್ಧ ಬೆಲೆಗೆ ಮಾರಿತು. ಮುಂದೆ ಶಿಕ್ಷಕರಿಗೂ ಆ ಸೌಲಭ್ಯ ದೊರೆಯಿತು. ಮೂರು ವರ್ಷ ಅಲ್ಲಿಯೇ ವಾಸಿಸಬೇಕೆಂಬುದು ಕರಾರು. ಪೋಲೀಸನು ನೆರೆಯವನಾದರೆ ಓಣಿಗೆ ಧೈರ್ಯ ಬರುವದೆಂಬ ಎಣಿಕೆಯು ಸಲ್ಲದ್ದೇನಲ್ಲ. ಆದರೆ ಕೆಲವರು ಅರ್ಧ ಬೆಲೆಗೆ ಕೊಂಡು, ತಾವು ಬೇರೆಡೆಯಿದ್ದು, ಮನೆಯನ್ನು ಬಾಡಿಗೆಗೆ ಕೊಟ್ಟರು. ೨೦೦೧ರಲ್ಲಿ ಸರಕಾರವು ಮಾರಾಟವನ್ನು ಕೆಲವು ತಿಂಗಳು ನಿಲ್ಲಿಸಿ ಕಟ್ಟಳೆಗಳನ್ನು ಬಿಗಿಗೊಳಿಸಬೇಕಾಯಿತು. ಅಗ್ಗದ ಆಸೆಯಿಂದ ಕೊಂಡವನು ನೆರೆಯವನಾಗಲಾರನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮೂರನೆಯ ನಿದರ್ಶನವು ನಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಶಿಕಾಗೋ ನಗರಕ್ಕೆ ಹತ್ತಿರುವ ಓಕ್ ಪಾರ್ಕ್ ಎಂಬ ಊರಿನಲ್ಲಿ, ಬೇರೆ ವರ್ಣದವರು ನೆರೆಗೆ ಬಂದರೆ ಮನೆಯ ಬೆಲೆ ಬಿದ್ದೀತು, ಕಳವು ಹೆಚ್ಚೀತು ಎಂಬ ಅಂಜಿಕೆಯು ಹಬ್ಬಿತ್ತು. ಇಂಥ ಅಂಜಿಕೆಯಿಂದ ಎಲ್ಲರೂ ಒಮ್ಮೆಲೆ ಮಾರಿ ಓಡಿದರೆ ಬೆಲೆ ನಿಜವಾಗಿಯೂ ಬೀಳುವದು. ೧೯೭೦ರ ದಶಕದ ಕೊನೆಗೆ ಅಲ್ಲಿಯ ಆಡಳಿತದವರು ಒಂದು ಭರವಸೆಯನ್ನು ಕೊಟ್ಟರು. ಮನೆಯವನು ಹೆಸರು ನೋಂದಿಸಿ ಬೆಲೆ ಕಟ್ಟಿಸಲಿ. ಐದು ವರ್ಷಗಳ ಮೇಲೆ ಮಾರುವಾಗ ಬೆಲೆ ಅದಕ್ಕಿಂತ ಇಳಿದಿದ್ದರೆ ನಷ್ಟದ ನೂರಕ್ಕೆ ೮೦ ಪಾಲನ್ನು ಊರೇ ತುಂಬಿಕೊಡುವದು. ಜನರು ಓಡಲಿಲ್ಲ, ಓಡದ್ದರಿಂದ ಬೆಲೆಯೂ ಬೀಳಲಿಲ್ಲ. ಅಂಜಿಕೆಯನ್ನು ಹಂಚಿಕೊಳ್ಳುವವರು ಇದ್ದಾರೆಂಬ ತಿಳಿವೇ ಅಂಜಿಕೆಗೆ ಔಷಧವಾಯಿತು.

ನಮ್ಮ ನಗರಗಳು ಮಾಡತಕ್ಕದ್ದೇನು?

ನಮ್ಮ ನಗರಸಭೆಗಳಲ್ಲಿ ಅಷ್ಟು ಹಣವೆಲ್ಲಿ ಎಂದು ವಾಚಕರು ಕೇಳಬಹುದು. ಆದರೆ ಮನೆ ಕೊಳ್ಳುವವರನ್ನು ಕರೆತರುವದಕ್ಕೆ ಬೇಕಾದ ಮೊದಲ ವಸ್ತುಗಳು ನಗರಸಭೆಯು ಹೇಗೂ ಕೊಡಬೇಕಾದವುಗಳೇ ಆಗಿವೆ.

ಮೊದಲನೆಯದು ನೀರು. ನಮ್ಮ ಭಾಗದ ಗೃಹಿಣಿಯು ಮನೆ ನೋಡಲು ಹೋದರೆ ದೇವರ ಕೋಣೆಯನ್ನು ಕೇಳುವ ಮೊದಲೇ ‘ನಳ ಎಷ್ಟ ದಿವಸಕ್ಕ ಬರ್ತದ್ರಿ’ ಎಂದು ಕೇಳುವಳು. ೨೦೦೮ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿ ನಗರಗಳ ಆಯ್ದ ಭಾಗಗಳಲ್ಲಿ ದಿನದ ಇಪ್ಪತ್ತುನಾಲ್ಕು ತಾಸೂ ನಳದಲ್ಲಿ ನೀರು ಬರುವಂತೆ ಮಾಡಿದರು. ಅವುಗಳಲ್ಲಿ ಬಡವರ ಕೇರಿಗಳೂ ಇದ್ದವು. ಇಂಥ ಸುಧಾರಣೆಯು ಹೆಸರು ಕೆಟ್ಟ ಓಣಿಗೆ ಕಟ್ಟಕಡೆಗೆ ಬರುವದರ ಬದಲು ಮೊಟ್ಟಮೊದಲು ಬಂದರೆ, ಮನೆ ಹುಡುಕುವವರು ಆ ಓಣಿಯನ್ನು ತಾವಾಗಿಯೇ ವಿಚಾರಿಸುವರು.

ಎರಡನೆಯದು ಬೆಳಕು ಮತ್ತು ಕಣ್ಣು. ಅಮೇರಿಕೆಯ ಜೇನ್ ಜೇಕಬ್ಸ್ ಎಂಬ ವಿದುಷಿಯು ೧೯೬೧ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಬೀದಿಯನ್ನು ಕಾಯುವವರು ಪೋಲೀಸರಿಗಿಂತ ಹೆಚ್ಚಾಗಿ ಅಂಗಡಿಯವರೂ ನಿವಾಸಿಗಳೂ ಎಂದು ಪ್ರತಿಪಾದಿಸಿದಳು. ನಮಗೆ ಇದು ಹೊಸ ಮಾತಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುವ ಅಜ್ಜಿಯ ಕಣ್ಣು ತಪ್ಪಿಸಿ ಓಣಿಯೊಳಗೆ ಅಪರಿಚಿತನು ಕಾಲಿಡುವದು ಸುಲಭವಲ್ಲ. ಆದರೆ ಹೊಸ ಮನೆಗಳಿಗೆ ಆಳೆತ್ತರದ ಗೋಡೆ ಕಟ್ಟಿ, ಗೋಡೆಯ ಮೇಲೆ ಗಾಜು ಚುಚ್ಚಿ, ಕಟ್ಟೆಯನ್ನೇ ತೆಗೆದುಹಾಕುತ್ತಿರುವೆವು. ಅದರಿಂದ ಮನೆಗೆ ಕಾವಲಾದೀತೇನೋ, ಓಣಿಯು ಕುರುಡಾಗುವದು.

ಮೂರನೆಯದು ಗುರುತಿನ ಪೋಲೀಸ. ೨೦೧೭ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಹೊಸ ಬೀಟ ಪದ್ಧತಿಯಲ್ಲಿ ಒಬ್ಬೊಬ್ಬ ಪೇದೆಗೆ ಒಂದೊಂದು ಚಿಕ್ಕ ಪ್ರದೇಶವನ್ನು ವಹಿಸಿ, ಅಲ್ಲಿಯ ನಾಗರಿಕರನ್ನು ಅವನೊಡನೆ ಸೇರಿಸುವ ಏರ್ಪಾಡಿದೆ. ನಮ್ಮ ಹಳ್ಳಿಯ ತಳವಾರನು ಮನೆಮನೆಯನ್ನೂ ಬಲ್ಲವನಾಗಿದ್ದಂತೆ, ಬೀಟಿನ ಪೇದೆಯು ಓಣಿಯ ತಾಯಂದಿರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಿತನಾಗಿರಬೇಕು.

ನಾಲ್ಕನೆಯದು ಕಾಗದಪತ್ರ. ಹಳೆಯ ನಿವಾಸಿಗಳ ಮನೆಗಳಿಗೆ ಸರಿಯಾದ ಉತಾರವಿಲ್ಲದಿದ್ದರೆ ಬ್ಯಾಂಕು ಸಾಲ ಕೊಡುವದಿಲ್ಲ, ಕೊಳ್ಳುವವನು ಬರುವದಿಲ್ಲ, ಇದ್ದವನೂ ದುರಸ್ತಿಗೆ ಹಣ ಹಾಕುವದಿಲ್ಲ. ಹೊಸಬರನ್ನು ಕರೆಯುವ ಮೊದಲು ಹಳಬರಿಗೆ ಹಕ್ಕುಪತ್ರ ಕೊಡುವದು ನ್ಯಾಯವೂ ಹೌದು, ಉಪಾಯವೂ ಹೌದು. ಬೆಲೆ ಏರಿದ ದಿನ ಅದರ ಲಾಭವು ಕೆಟ್ಟ ಕಾಲದಲ್ಲಿ ಓಣಿಯನ್ನು ಬಿಡದೆ ನಿಂತವರಿಗೂ ಸಲ್ಲಬೇಕು.

ಕೊಳ್ಳುವವರಿಗೆ ನಾಲ್ಕು ಮಾತು

ಮನೆ ನೋಡಲು ದಲ್ಲಾಳಿಯ ಸಂಗಡ ಮಧ್ಯಾಹ್ನಕ್ಕೆ ಒಂದೇ ಸಲ ಹೋಗಿ ಬರಬಾರದು. ನಸುಕಿನಲ್ಲಿ ಒಮ್ಮೆ, ಶಾಲೆ ಬಿಡುವ ಹೊತ್ತಿಗೆ ಒಮ್ಮೆ, ರಾತ್ರಿ ಹತ್ತು ಗಂಟೆಗೆ ಒಮ್ಮೆ, ಹೀಗೆ ಮೂರು ಸಲ ಹೋಗಬೇಕು. ಅದರಲ್ಲಿ ಒಂದು ಸಲವಾದರೂ ಮನೆಯ ಹೆಂಗಸರು ಹೋಗಬೇಕು. ಓಣಿಯಲ್ಲಿ ಎಷ್ಟು ಮನೆಗಳಿಗೆ ಕೀಲಿ ಬಿದ್ದಿದೆ, ಎಷ್ಟು ಮನೆಗಳಲ್ಲಿ ಒಡೆಯರೇ ಇರುವರು ಎಂದು ಎಣಿಸಬೇಕು. ಮೂಲೆಯ ಕಿರಾಣಿ ಅಂಗಡಿಯು ರಾತ್ರಿ ಎಷ್ಟರವರೆಗೆ ತೆರೆದಿರುವದು, ಹೆಂಗಸರು ಆ ಹೊತ್ತಿಗೆ ಸಾಮಾನಿಗೆ ಬರುವರೇ ಎಂಬುದನ್ನು ನೋಡಬೇಕು. ಸಿಟಿ ಸರ್ವೆಯ ಉತಾರವನ್ನೂ ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ ಮನೆಪಟ್ಟಿ ತುಂಬಿದ ಪಾವತಿಗಳನ್ನೂ ವಕೀಲರಿಗೆ ತೋರಿಸದೆ ಸಂಚಕಾರ ಕೊಡಕೂಡದು. ಬ್ಯಾಂಕು ಸಾಲ ಕೊಡಲೊಪ್ಪದ ಮನೆಯು ಎಷ್ಟು ಅಗ್ಗವಾದರೂ ಅಗ್ಗವಲ್ಲ. ಸಾಧ್ಯವಿದ್ದರೆ ಪರಿಚಿತರಾದ ಎರಡು ಮೂರು ಸಂಸಾರಗಳು ಒಂದೇ ಓಣಿಯಲ್ಲಿ ಕೂಡಿ ಕೊಳ್ಳುವದು ಉತ್ತಮ.

ಈ ಮಾತುಗಳನ್ನು ಸಾಲಹಳ್ಳಿಯ ಆ ದಂಪತಿಗಳಿಗೆ ತಿಳಿಸಿದೆವು. ಗಂಡನು ಬೆಲೆಯ ಲೆಕ್ಕದಲ್ಲಿಯೇ ಇದ್ದನು. ಹೆಂಡತಿಯು ಮಾತ್ರ ಒಂದು ಸಂಜೆ ತಾನೇ ಹೋಗಿ, ಆ ಮನೆಯ ಎದುರಿನ ಕಟ್ಟೆಯ ಮೇಲೆ ರೊಟ್ಟಿ ಬಡಿದು ಮಾರುವ ಮುದುಕಿಯೊಬ್ಬಳ ಹತ್ತಿರ ಕುಳಿತಳು.

“ಯವ್ವಾ, ನನಗ ಹರೇಕ ಬಂದ ಮಗಳದಾಳ. ಇಲ್ಲಿ ಇರಬಹುದೇನ?” ಎಂದು ಕೇಳಿದಳು.

ಮುದುಕಿಯು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳಂತೆ: “ನಾನೂ ಮೂರು ಹೆಣ್ಣು ಇಲ್ಲೇ ಬೆಳಸೇನಿ ತಂಗಿ. ಆ ಮೂಲೀ ದೀಪ ಆರಿ ವರ್ಷಾತು, ಅಲ್ಲಿ ಒಬ್ಬಾಕೀನ ಕಳಸಬ್ಯಾಡ. ಉಳಿದದ್ದ ನಾ ನೋಡ್ತೇನಿ. ಆದ್ರ ಒಂದ ಮಾತು. ನಿಮ್ಮಂಥವ್ರು ಬಂದ್ರ ನಮ್ಮ ಬಾಡಗಿ ಏರಸಿ ನಮ್ಮನ್ನ ಎಬ್ಬಸ್ತಾರಂತ ಓಣ್ಯಾಗ ಅಂತಾರ. ಖರೇ ಏನ?”

ಈ ಪ್ರಶ್ನೆಗೆ ಆಕೆಗೆ ಉತ್ತರ ಹೊಳೆಯಲಿಲ್ಲ. ನಮಗೆ ಬಂದು ಹೇಳಿದಾಗ ನಮಗೂ ಹೊಳೆಯಲಿಲ್ಲ. ಕೊಳ್ಳುವವನಿಗೆ ಕಳ್ಳನ ಅಂಜಿಕೆ, ಇದ್ದವನಿಗೆ ಕೊಳ್ಳುವವನ ಅಂಜಿಕೆ. ಎರಡೂ ಸಣ್ಣವಲ್ಲ.

ಕೊನೆಗೆ ಅವರು ಮನೆಯನ್ನು ಕೊಳ್ಳದೆ, ಅದನ್ನೇ ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದರು. ವರ್ಷ ತುಂಬಿದ ಮೇಲೆ ಮನಸ್ಸು ಬಂದರೆ ಕೊಳ್ಳುವದಾಗಿ ಒಡೆಯನೊಡನೆ ಬರೆಹದ ಕರಾರು ಮಾಡಿಕೊಂಡರು. ಹೋದ ವಾರದಲ್ಲಿಯೇ ಆಕೆಯು ಮೂಲೆಯ ದೀಪಕ್ಕಾಗಿ ಅರ್ಜಿ ಬರೆದಳು. ಅದರ ಕೆಳಗೆ ಓಣಿಯ ಹತ್ತೊಂಬತ್ತು ಮನೆಗಳವರು ಸಹಿ ಮಾಡಿದರು. ಸಹಿ ಬಾರದ ಮುದುಕಿಯು ಹೆಬ್ಬೆಟ್ಟು ಒತ್ತಿದಳು. ದೀಪವು ಇನ್ನೂ ಹತ್ತಿಲ್ಲ. ಅದು ಹತ್ತುವವರೆಗೆ ಶಾಲೆಯಿಂದ ತಡವಾಗಿ ಬರುವ ಹುಡುಗಿಯನ್ನು ಎದುರುಗೊಳ್ಳಲು ಮುದುಕಿಯು ಮೂಲೆಯವರೆಗೆ ನಡೆದುಹೋಗಿ ನಿಲ್ಲುವಳೆಂದು ತಿಳಿದುಬಂದಿದೆ. ಹೆಸರು ಕೆಟ್ಟ ಓಣಿಯಲ್ಲಿ ಮನೆ ಕೊಳ್ಳಬಹುದೇ ಎಂದು ನಮ್ಮನ್ನು ಕೇಳುವವರಿಗೆ, ಅಂಥ ನೆರೆಯವರು ಅಲ್ಲಿ ಇರುವರೋ ಎಂದು ಮೊದಲು ಹೋಗಿ ನೋಡಿರಿ, ತಾವೂ ಅಂಥ ನೆರೆಯವರಾಗಬಲ್ಲಿರಾದರೆ ಕೊಳ್ಳಿರಿ ಎಂದು ನಾವು ಹೇಳುವೆವು.